ಉಸಿರಾಡುವ ಹಗೇವು

"ಇಲ್ಲಿ ಕೈ ಇಡ್ರಿ, ಜಮಾದಾರ್ರ. ಹೆದರಬ್ಯಾಡ್ರಿ, ಕಚ್ಚಂಗಿಲ್ಲ."

ಕುರಿ ಕಾಯುವ ಮಲಕಮ್ಮ ಬಗ್ಗಿ, ಇನ್ನೂ ತೂಕಡಿಸುತ್ತಿದ್ದ ಎರಡು ಮರಿಗಳನ್ನು ಎತ್ತಿ ಆಚೆ ಬಿಟ್ಟಳು. ಅವು ಮಲಗಿದ್ದ ಜಾಗದ ಮೇಲೆ ಪರಮಣ್ಣ ಅಂಗೈ ಊರಿದ. ರಾತ್ರಿಯೆಲ್ಲ ಹಸ್ತ ಮಳೆ ಹೊಡೆದು ಹಾಳೂರ ದಿಬ್ಬ ಕೆಸರೆದ್ದಿತ್ತು. ಈ ಒಂದು ಮೊರದಗಲ ಜಾಗ ಮಾತ್ರ ಆಗಲೇ ಒಣಗಿತ್ತು. ನೆಲ ಬೆಚ್ಚಗಿತ್ತು.

ಅವನು ಸಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಶಹಾಪುರ ಠಾಣೆಯ ಜಮಾದಾರ ಅವನು, ಹನ್ನೆರಡು ವರ್ಷದಲ್ಲಿ ಎಂಥೆಂಥ ಹೆಣ ಎತ್ತಿದ ಕೈ ಅದು. ಆದರೆ ಈ ಹಗೇವಿನೊಳಗೆ ಬಿದ್ದಿದೆ ಎಂದು ಊರವರು ಹೇಳುವ ಹೆಣ ಅವನ ಸ್ವಂತ ಅಣ್ಣ ಸಂಗಣ್ಣನದು.

ಜೋಳ ತುಂಬಲು ನೆಲದೊಳಗೆ ತೋಡಿದ ಈ ಆಳವಾದ ಕಣಜವನ್ನು ಮೂರು ವರ್ಷದಿಂದ ಯಾರೂ ತೆರೆದಿರಲಿಲ್ಲ. ರಜಾಕಾರರ ಗದ್ದಲದ ವರ್ಷ ದರೋಡೆಯವರು ಸಂಗಣ್ಣನನ್ನು ಇದರೊಳಗೆ ನೂಕಿ ಮೇಲೆ ಚಪ್ಪಡಿ ಎಳೆದರೆಂಬುದು ಸುದ್ದಿ. ಈಚೆಗೆ ಅದಕ್ಕೊಂದು ಬಾಲ ಹುಟ್ಟಿತ್ತು. ಹಗೇವು ಉಸಿರಾಡುತ್ತದಂತೆ, ಮಣ್ಣಿನ ಬಿರುಕಿನಿಂದ ಬಿಸಿ ಉಸಿರು ಬರುತ್ತದಂತೆ. ರೇಶನ್ ಅಂಗಡಿಯ ಕೆಂಪು ಪರದೇಶಿ ಜೋಳಕ್ಕೆ ಮುಂಜಾನೆಯಿಂದ ಪಾಳಿ ನಿಲ್ಲುವ ಹಸಿದ ಜನ ಕೂಡ ಇತ್ತ ಕಾಲಿಡುತ್ತಿರಲಿಲ್ಲ.

ಹಾಗೆ ನೋಡಿದರೆ ಪರಮಣ್ಣ ಬಂದದ್ದು ದೆವ್ವ ಹುಡುಕಿಕೊಂಡಲ್ಲ. ಮೂರು ಹಳ್ಳಿಗಳ ಬಿತ್ತನೆಗೆಂದು ಯಾದಗಿರಿ ಸ್ಟೇಶನ್ನಿನಿಂದ ಹೊರಟ ಹನ್ನೆರಡು ಚೀಲ ಬಿಳಿ ಜೋಳದ ಬೀಜ ಹತ್ತು ದಿನದ ಹಿಂದೆ ದಾರಿಯಲ್ಲೇ ಮಾಯವಾಗಿತ್ತು. ಹಸ್ತ ಮಳೆ ಮುಗಿಯಲು ಇನ್ನು ಉಳಿದದ್ದು ನಾಲ್ಕೇ ದಿನ. ಅಷ್ಟರಲ್ಲಿ ಬೀಜ ಸಿಗದಿದ್ದರೆ ನೆಲದ ಹದ ಹೋಗುತ್ತದೆ, ಮೂರೂ ಊರಿನ ಹೊಲ ಬೀಳು ಬೀಳುತ್ತವೆ, ಬರುವ ವರ್ಷ ಒಲೆಯ ಮೇಲೆ ಇಡಲು ಏನೂ ಇರುವುದಿಲ್ಲ.

ಗಾಡಿ ಹೊಡೆದ ಮೆಹಬೂಬ ಠಾಣೆಯಲ್ಲಿ ಕೂತಿದ್ದ. ಅವನ ಮಾತನ್ನು ಠಾಣೆಯ ಮೇಲಧಿಕಾರಿ ಅಮೀನ್ ಸಾಹೇಬರು ನಂಬಿರಲಿಲ್ಲ. "ಭಗವಂತರಾಯ ಗೌಡರ ಹಿತ್ತಲದಾಗ ಎತ್ತ ಬಿಚ್ಚಿ, ಉಂಡು, ಒಂದ ನಿದ್ದಿ ಮಾಡಿ ಹೊಂಟಿದ್ದೆ ರೀ. ಹಳ್ಳದಾಗ ಒಬ್ಬಂವ ಅಡ್ಡ ನಿಂತಾ. ಸತ್ತ ಸಂಗಣ್ಣ ರೀ ಅಂವಾ, ನಿಮ್ಮಣ್ಣ! ಗಾಡಿ ಅಲ್ಲೇ ಬಿಟ್ಟು ಓಡಿ ಬಂದೇನ್ರಿ."

ಹೇಳಿಕೆ ಬರೆದುಕೊಂಡವನು ಪರಮಣ್ಣನೇ. ಆ ಹೆಸರು ಬಂದಾಗ ಅವನ ಕೈ ನಿಂತಿತು. ಕೊನೆಗೆ 'ಗುರುತಿಲ್ಲದ ಮನುಷ್ಯ' ಎಂದು ಬರೆದು ಮೆಹಬೂಬನ ಹೆಬ್ಬೆಟ್ಟು ಒತ್ತಿಸಿದ್ದ. ಅಂದಿನಿಂದ ಪರಮಣ್ಣನಿಗೆ ಊಟ ಸೇರುತ್ತಿರಲಿಲ್ಲ.

"ಎಷ್ಟ ದಿನದಿಂದ ಮರಿ ಇಲ್ಲಿ ಮಲಗಾಕತ್ತಾವ?" ಎಂದು ಕೇಳಿದ.

"ಎಂಟೋ ಒಂಬತ್ತೋ ದಿನಾ ಆತ್ರಿ. ಮೊದಲ ಮಲಗತಿದ್ದಿಲ್ಲ. ಮಂದಿ ದೆವ್ವ ಅಂತಾರ. ಮರಿಗಿ ದೆವ್ವ ಗೊತ್ತಿಲ್ಲ ನೋಡ್ರಿ, ಬೆಚ್ಚಗ ಗೊತ್ತು."

"ಮೂರ ವರ್ಷದ ಹೆಣಾ ಬೆಚ್ಚಗ ಇರತೈತೇನವಾ?"

"ಹೆಣಾ ಎಲ್ಲಿದು ತಗೀರಿ! ತೋಯ್ದ ಜೋಳಾ ಇರತೈತಿ ಒಳಗ. ಹಸಿ ಜೋಳಾ ಒಟ್ಟಿ ಬಾಯಿ ಮುಚ್ಚಿದ್ರ ಕಾವ ಏರತೈತಿ. ನಮ್ಮತ್ತಿ ಹೇಳತಿದ್ಲು."

ಪರಮಣ್ಣ ಮೊಣಕಾಲೂರಿ ಕುಳಿತ. ಹಗೇವಿನ ಬಾಯಿಯ ಮೇಲೆ ಹುಲ್ಲು ಬೆಳೆದಿತ್ತು. ಮೇಲೆ ನೋಡಿದರೆ ಮೂರು ವರ್ಷದ ಹುಲ್ಲೇ. ಆದರೆ ಇಷ್ಟು ಮಳೆಯಲ್ಲೂ ಅದರ ತುದಿ ಹಳದಿ ತಿರುಗಿತ್ತು. ಒಂದು ಹಿಡಿ ಎಳೆದ. ಬೇರಿನ ಸಮೇತ ಚಪಾತಿಯ ಹಾಗೆ ಮೇಲೆದ್ದು ಬಂತು. ಯಾರೋ ಹುಲ್ಲನ್ನು ಮಣ್ಣಿನ ಸಮೇತ ಕತ್ತರಿಸಿ ತೆಗೆದು, ಕೆಲಸ ಮುಗಿಸಿ, ಮತ್ತೆ ಹಾಸಿ ಹೋಗಿದ್ದರು.

ಇಪ್ಪತ್ತು ಹೆಜ್ಜೆ ಆಚೆ ಇನ್ನೊಂದು ಹಗೇವು ಇತ್ತು. ಅದರ ಮೇಲೆ ಜಾಲಿಮುಳ್ಳು ಒಟ್ಟಿತ್ತು. ಪರಮಣ್ಣ ಅತ್ತ ನೋಡಿದ್ದನ್ನು ಕಂಡು ಮಲಕಮ್ಮ ಕೈ ಆಡಿಸಿದಳು. "ಅದು ಬರಿದು ರೀ. ಬಾಯಿ ತಕ್ಕೊಂಡ ಬಿದ್ದಿತ್ತು. ಮೊನ್ನಿ ನನ್ನ ಮರಿ ಒಂದ ಒಳಗ ಬಿದ್ದು, ಹಗ್ಗಾ ಬಿಟ್ಟು ಎತ್ತೇನಿ. ಯಾರೋ ಪುಣ್ಯಾತ್ಮರು ಮುಳ್ಳ ಒಟ್ಟ್ಯಾರ."

ಪರಮಣ್ಣ ಮತ್ತೆ ಹುಲ್ಲಿನತ್ತ ಬಗ್ಗಿದ. ಅವನ ಲಕ್ಷ್ಯವೆಲ್ಲ ಈ ಬೆಚ್ಚಗಿನ ನೆಲದ ಮೇಲಿತ್ತು.

ಅವನಿಗೆ ತಾಯಿಯ ನೆನಪಾಯಿತು. ಸಂಗಣ್ಣನ ಸುದ್ದಿ ಬಂದ ದಿನದಿಂದ ದುರಗಮ್ಮ ಜೋಳದ ರೊಟ್ಟಿ ಮುಟ್ಟಿರಲಿಲ್ಲ. "ನನ್ನ ಮಗಾ ಜೋಳದ ಕೆಳಗ ಅದಾನ, ನನಗ ಆ ಜೋಳಾ ಗಂಟಲಾಗ ಇಳೀತೈತೇನು?" ಅಂದವಳು ಮೂರು ವರ್ಷ ಸಜ್ಜೆ, ನವಣೆಯಲ್ಲೇ ದಿನ ದೂಡಿದ್ದಳು. ಪ್ರತಿ ಸೋಮವಾರ ಊರಿಂದ ನಡೆದು ಬಂದು ಇಲ್ಲಿ ಎಡೆ ಇಟ್ಟು ಹೋಗುತ್ತಿದ್ದಳು. ಚಪ್ಪಡಿ ತೆಗೆಸಿ ಎಲುಬು ಮೇಲೆ ಬಂದರೆ ಅವಳಿಗೆ ಏನೆಂದು ಹೇಳುವುದು?

ಕಾನ್‌ಸ್ಟೇಬಲ್ ಬಾಷುಮಿಯಾ ಹಾರೆ, ಹಗ್ಗ, ಕಂದೀಲು ಹೊತ್ತು ದಿಬ್ಬ ಹತ್ತಿದ. ಅವನ ಹಿಂದೆಯೇ ಇಬ್ಬರು ಆಳುಗಳೊಂದಿಗೆ ಊರ ಪೊಲೀಸ್ ಪಟೇಲರಾದ ಭಗವಂತರಾಯ ಗೌಡರೂ ಬಂದರು. ಎರಡೂ ಹಗೇವು ಅವರವೇ. ಅವರ ರುಮಾಲು ಯಾವಾಗಲೂ ಬೆಳ್ಳಗೆ, ಮಾತು ಯಾವಾಗಲೂ ತಣ್ಣಗೆ.

"ಏನ ಪರಮಣ್ಣ, ಬಿತ್ತೂ ಹೊತ್ತಿನ್ಯಾಗ ನಮ್ಮ ಹಗೇವು ತಗಸಾಕತ್ತಿಯಂತ?"

"ಬೀಜಾ ಹುಡುಕಾಕತ್ತೀನ್ರಿ, ಗೌಡ್ರ."

"ಬೀಜಾನ ಯಾರರ ಹಗೇವಿನ್ಯಾಗ ಇಡ್ತಾರೇನು? ಹಗೇವಿನ ಜೋಳಾ ಉಣ್ಣಾಕ ಬಂತು, ಬಿತ್ತಾಕ ಬರಂಗಿಲ್ಲ. ಒಳಗಿನ ಕಾವಿಗಿ ಕಾಳಿನ ಜೀವಾ ಹೋಗತೈತಿ. ಒಕ್ಕಲತನಾ ಮಾಡೂ ಮನಿಯಾಗ ಹುಟ್ಟಿ ಇಷ್ಟೂ ಗೊತ್ತಿಲ್ಲಾ?"

"ನನಗ ಗೊತ್ತೈತ್ರಿ. ಕಳ್ಳಗ ಗೊತ್ತಿಲ್ಲದಿರಬೇಕು."

ಗೌಡರು ದನಿ ತಗ್ಗಿಸಿದರು. "ಒಳಗ ನಿಮ್ಮಣ್ಣ ಅದಾನ. ನೂಕಿದ್ದನ್ನ ನಾ ಕಣ್ಣಾರೆ ನೋಡೇನಿ. ಒಡಹುಟ್ಟಿದಂವನ ಎಲುಬ ಕೆದರಿದ್ರ ನಿಮ್ಮವ್ವ ಬದುಕ್ತಾಳೇನು?"

ಪರಮಣ್ಣನಿಗೆ ಒಂದು ಗಳಿಗೆ ತಿರುಗಿ ಹೋಗಿಬಿಡಬೇಕೆಂದೇ ಅನಿಸಿತು. ಆಮೇಲೆ ಹಾರೆಯನ್ನು ತಾನೇ ಕೈಗೆ ತೆಗೆದುಕೊಂಡ.

"ನಿನ್ನ ಕರ್ಮ," ಅಂದರು ಗೌಡರು. ಅಷ್ಟೇ. ಒಂದು ಎಮ್ಮೆ ಗೇಣು ಹೊಲ ಮೇಯ್ದರೆ ಪಂಚಾಯಿತಿ ಕೂಡಿಸುವ ಮನುಷ್ಯ, ತಮ್ಮ ಹಗೇವು ಒಡೆಯುವಾಗ ಇಷ್ಟು ಬೇಗ ಸುಮ್ಮನಾದದ್ದು ಪರಮಣ್ಣನಿಗೆ ಸೋಜಿಗವೆನಿಸಿತು.

ಚಪ್ಪಡಿ ಸರಿಯಿತು. ಒಳಗಿನಿಂದ ಬಿಸಿಯಾದ, ಹುಳಿ ವಾಸನೆಯ ಗಾಳಿ ಎದ್ದು ಮುಖಕ್ಕೆ ಬಡಿಯಿತು. ಉಸಿರೇ ಅದು. ಜನ ಸುಳ್ಳು ಹೇಳಿರಲಿಲ್ಲ. ಬಾಷುಮಿಯಾ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಒಂದಾಳು ಆಳ ಇಳಿಯುವಷ್ಟರಲ್ಲಿ ದೀಪ ಕುಗ್ಗಿ ಆರಿಹೋಯಿತು.

ದೀಪ ಆರಿದ ಹಗೇವಿಗೆ ಇಳಿದವನು ತಾನಾಗಿ ಹತ್ತಿ ಬಂದದ್ದಿಲ್ಲ. ಸುರಪುರ, ಶಹಾಪುರ ಸೀಮೆಯಲ್ಲಿ ಎಷ್ಟೇ ಅವಸರವಿದ್ದರೂ ಈ ಮಾತು ಮೀರುವವರಿಲ್ಲ. ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ, ಬಾವಿಯಲ್ಲಿ ಕೊಡ ಮುಳುಗಿಸಿದಂತೆ ಮೇಲೆ ಕೆಳಗೆ ಆಡಿಸಿ ಕೆಟ್ಟ ಗಾಳಿ ಕದಡಿದರು. ಆಮೇಲೆ ಕಾಯುತ್ತ ಕುಳಿತರು.

ಹೊತ್ತು ನೆತ್ತಿಗೆ ಬಂತು. ಎಲ್ಲರೂ ಬೇವಿನ ನೆರಳಿಗೆ ಸರಿದರು. ಗೌಡರು ಮಾತ್ರ ಮುಳ್ಳಿನ ಒಟ್ಟಿಲ ಪಕ್ಕ ಆಳಿನ ಟವೆಲ್ಲು ಹಾಸಿಸಿಕೊಂಡು ಬಿಸಿಲಲ್ಲೇ ಕುಳಿತರು. ಬೆವರು ರುಮಾಲಿನಿಂದ ಇಳಿಯುತ್ತಿದ್ದರೂ ಏಳಲಿಲ್ಲ. "ದೊಡ್ಡವರ ರೀತೀನ ಬ್ಯಾರೆ," ಎಂದು ಬಾಷುಮಿಯಾ ಗೊಣಗಿದ.

ಪರಮಣ್ಣ ಎದ್ದು ಅವರ ಹತ್ತಿರ ಹೋದ. "ಗೌಡ್ರ, ಒಂದ ಮಾತ ಕೇಳ್ಲಿ? ಆ ದಿನಾ ಹಗೇವು ತುಂಬಿತ್ತೋ, ಬರಿದಿತ್ತೋ?"

"ತುಂಬಿತ್ತು. ಆ ವರ್ಷದ ಸುಗ್ಗಿ ಜೋಳಾ ಪೂರಾ ಅದರಾಗ ಹಾಕಿಸಿದ್ದೆ. ಬಾಯಿಮಟಾ."

"ಬಾಯಿಮಟಾ?"

"ಅಲ್ಲೇನು ಮತ್ತ? ಇನ್ನೊಂದ ಬುಟ್ಟಿ ಹಿಡೀತಿದ್ದಿಲ್ಲ."

"ಹಂಗಾರ ನಮ್ಮಣ್ಣ ಎಲ್ಲಿ ಬಿದ್ದಾ?"

ಗೌಡರು ರುಮಾಲು ಸರಿಪಡಿಸಿಕೊಂಡರು.

"ಬಾಯಿಮಟಾ ತುಂಬಿದ ಹಗೇವಿಗಿ ಮನುಷ್ಯಾನ್ನ ನೂಕಿದ್ರ ಜೋಳದ ಮ್ಯಾಲ ನಿಂದರ್ತಾನ್ರಿ. ಮೊಣಕಾಲಿಗಿ ಕಾಳ ಹತ್ತತಾವ. ಅಂಥಾ ಕಡೆ ಚಪ್ಪಡಿ ಹೆಂಗ ಎಳೀತಾರ?"

"ಅಂದ್ರ... ಅರ್ಧಾ ಇತ್ತು. ಉಳಿದದ್ದು ಸರ್ಕಾರದ ಲೆವಿಗಿ ಕೊಟ್ಟಿದ್ವಿ."

"ಅರ್ಧಾ ಅಂತ ಹಿಡೀರಿ. ಆಮ್ಯಾಲ ಯಾರೂ ತಗದಿಲ್ಲಂತೀರಿ. ಹಂಗಾರ ಆ ಅರ್ಧಾ ಜೋಳಾ ಇವತ್ತೂ ಒಳಗ ಇರಬೇಕಲ್ರಿ?"

ಗೌಡರು ಆಳನ್ನು ಕರೆದು ನೀರು ಕೇಳಿದರು. ಪರಮಣ್ಣನಿಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ತನ್ನ ಮೇಲೆ. ಊರಿನ ಕಳ್ಳರನ್ನೆಲ್ಲ ಅಡ್ಡಪ್ರಶ್ನೆ ಕೇಳಿ ಬಾಯಿ ಬಿಡಿಸಿದವನು, ಮನೆಯ ಸಾವಿನ ಬಗ್ಗೆ ಮೂರು ವರ್ಷ ಒಂದು ಪ್ರಶ್ನೆ ಕೇಳಿರಲಿಲ್ಲ. ದುಃಖ ಅವನ ಬಾಯಿಗೆ ಬೀಗ ಹಾಕಿತ್ತು.

ಎರಡನೆಯ ಸಲ ಇಳಿಬಿಟ್ಟ ದೀಪ ತಳ ಮುಟ್ಟಿಯೂ ಉರಿಯುತ್ತಿತ್ತು.

ಪರಮಣ್ಣ ನಡುವಿಗೆ ಹಗ್ಗ ಬಿಗಿದುಕೊಂಡು ತಾನೇ ಇಳಿದ. ಕಾಲು ತಳಕ್ಕೆ ತಾಗಿದಾಗ ಕಣ್ಣು ಮುಚ್ಚಿಕೊಂಡಿದ್ದ. ಮೆಲ್ಲಗೆ ತೆರೆದು ನಾಲ್ಕೂ ಕಡೆ ನೋಡಿದ.

ಎಲುಬಿರಲಿಲ್ಲ. ಗೌಡರ ಜೋಳವೂ ಇರಲಿಲ್ಲ. ಯಾರೋ ಕಸಬರಿಗೆ ಹಿಡಿದು ಗುಡಿಸಿ ಹೋದಂತೆ ತಳ ಬರಿದಾಗಿತ್ತು. ನಡುವೆ ಕಲ್ಲು ಜೋಡಿಸಿ, ಅದರ ಮೇಲೆ ಹನ್ನೆರಡು ಚೀಲ ಒಟ್ಟಿದ್ದರು. ಒಂದೊಂದರ ಮೇಲೂ ಸರ್ಕಾರದ ಶಿಕ್ಕಾ. ಮಳೆಗೆ ತೋಯ್ದ ಮೇಲಿನ ಚೀಲಗಳು ಜ್ವರ ಬಂದ ಮೈಯಂತೆ ಸುಡುತ್ತಿದ್ದವು.

ಅಣ್ಣ ಇಲ್ಲಿ ಸತ್ತಿಲ್ಲ. ಬೀಜವೂ ಸಿಕ್ಕಿತು. ಪರಮಣ್ಣ ಚೀಲಕ್ಕೆ ಹಣೆ ಹಚ್ಚಿ ಅತ್ತುಬಿಟ್ಟ. ಮೇಲಿನವರಿಗೆ ಕೇಳಿಸೀತೆಂಬ ಅಳುಕು ಕೂಡ ಇರಲಿಲ್ಲ.

"ಸಿಕ್ಕಾವ ಬಾಷುಮಿಯಾ! ಹನ್ನೆರಡೂ ಅದಾವ!"

ಮೊದಲ ಚೀಲ ಮೇಲೆ ಬಂತು. ಪರಮಣ್ಣ ಹತ್ತಿ ಬಂದು ಬಾಯಿ ಬಿಚ್ಚಿದ. ಮಲಕಮ್ಮ ಒಂದು ಹಿಡಿ ತೆಗೆದು ಮೂಸಿದಳು, ಒಂದು ಕಾಳು ಹಲ್ಲಿಗೆ ಹಾಕಿದಳು, ಥೂ ಎಂದು ಉಗುಳಿದಳು.

"ಇದು ಬೀಜಲ್ರಿ, ಜಮಾದಾರ್ರ."

"ಅಂದ್ರ?"

"ಕಾಳಿನ ಕಣ್ಣ ನೋಡ್ರಿ, ಕರ್ರಗ ಆಗೈತಿ. ತೋಯ್ದ ವಾಸನಿ ಬ್ಯಾರೆ, ಹಗೇವಿನ ವಾಸನಿ ಬ್ಯಾರೆ. ಎಂಟ ದಿನದಾಗ ಹಿಂಗ ಆಗಂಗಿಲ್ಲ. ಇದು ವರ್ಷಗಟ್ಟಲೆ ನೆಲದಾಗ ಮಲಗಿದ ಜೋಳಾ. ಬಿತ್ತಿದ್ರ ಒಂದ ಮೊಳಕಿ ಬರಂಗಿಲ್ಲ."

ಪರಮಣ್ಣ ಎರಡನೆಯ ಚೀಲ ತೆಗೆಸಿದ, ಮೂರನೆಯದು ತೆಗೆಸಿದ. ಎಲ್ಲದರಲ್ಲೂ ಅದೇ ಕರಿಗಣ್ಣು. ಹತ್ತು ದಿನ ಹುಡುಕಿದ್ದು ಸತ್ತ ಕಾಳನ್ನು. ನಾಲ್ಕು ದಿನದ ಹದ, ಮೂರು ಊರಿನ ಹೊಲ ಅವನ ಕಣ್ಣ ಮುಂದೆ ಬಂದವು.

ಆದರೆ ಲೆಕ್ಕ ಈಗ ಕೂಡತೊಡಗಿತು. ಗೌಡರ ಹಿತ್ತಲಲ್ಲಿ ಮೆಹಬೂಬ ಎತ್ತು ಬಿಚ್ಚಿ ನಿದ್ದೆ ಮಾಡಿದ್ದ. ಗೌಡರ ಹಗೇವಿನ ಹಳೆಯ ಜೋಳ ಹಗೇವಿನಲ್ಲಿರಲಿಲ್ಲ, ಸರ್ಕಾರದ ಚೀಲದಲ್ಲಿತ್ತು. ಚೀಲದಲ್ಲಿದ್ದ ಜೀವಂತ ಬೀಜ ಮತ್ತೆಲ್ಲೋ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ನಿಮ್ಮ ಜೋಳಾ ನಿಮ್ಮ ಹಗೇವಿಗೇ ವಾಪಸ್ ಬಂದೈತಿ, ಗೌಡ್ರ. ಖರೇ ಬೀಜಾ ಎಲ್ಲಿ?"

ಗೌಡರು ಮೊದಲ ಸಲ ನಕ್ಕರು. "ಜೋಳದ ಮ್ಯಾಲ ನನ್ನ ಹೆಸರ ಬರದೈತೇನು? ಇವನ್ನ ಇಲ್ಲಿ ತಂದ ಒಟ್ಟಿದ ದೆವ್ವ ಐತಲ್ಲ, ಅದನ್ನ ಕರಿ. ಬಂದು ಸಾಕ್ಷಿ ಹೇಳಲಿ."

ಅಷ್ಟರಲ್ಲಿ ದಿಬ್ಬದ ಕೆಳಗಿನ ಕಾಲುದಾರಿಯಲ್ಲಿ ಒಬ್ಬ ಮುದುಕಿ ಕಾಣಿಸಿದಳು. ತಲೆಯ ಮೇಲೆ ಬಟ್ಟೆಯ ಗಂಟು.

"ನಿಮ್ಮವ್ವ ಬಂದಳ್ರಿ," ಅಂದಳು ಮಲಕಮ್ಮ. "ಎಂಟ ಹತ್ತ ದಿನದಿಂದ ದಿನಾ ಬರಾಕತ್ತಾಳ, ಎಡಿ ಹಿಡಕೊಂಡು."

ಪರಮಣ್ಣನಿಗೆ ತಿಳಿದಂತೆ ಅವಳು ಬರುವುದು ಸೋಮವಾರ. ಇಂದು ಗುರುವಾರ.

ದುರಗಮ್ಮ ದಿಬ್ಬ ಹತ್ತಿ ಬಂದಳು. ತೆರೆದ ಹಗೇವಿನ ಕಡೆ ಅವಳು ನೋಡಲೇ ಇಲ್ಲ. ಬೇವಿನ ಹಿಂದೆ ನೋಡಿದಳು, ಮುರಿದ ಗೋಡೆಯ ಹಿಂದೆ ಇಣುಕಿದಳು. ಅವಳ ಕಣ್ಣು ಯಾರನ್ನೋ ಹುಡುಕುತ್ತಿದ್ದವು. ಅವಳು ತಲೆಯಿಂದ ಇಳಿಸಿದ ಗಂಟನ್ನು ಪರಮಣ್ಣ ಬಿಚ್ಚಿ ನೋಡಿದ. ಒಳಗೆ ಬಿಳಿ ಜೋಳದ ರೊಟ್ಟಿ, ಇನ್ನೂ ಮೆತ್ತಗಿತ್ತು.

"ಅವ್ವಾ, ನೀ ಜೋಳದ ರೊಟ್ಟಿ ಬಡದ್ಯಾ?"

ಮುದುಕಿ ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಅಂವಾ ಬಂದಾನೋ ಪರಮಾ. ನಮ್ಮ ಸಂಗ್ಯಾ ಬಂದಾನ. ಸತ್ತಿದ್ದಿಲ್ಲ. ಗೌಡ ಲೆವಿ ತಪ್ಪಿಸಿ ಹಗೇವಿನ್ಯಾಗ ಜೋಳಾ ಮುಚ್ಚಿಟ್ಟಿದ್ದ ಗುಟ್ಟ ಗೊತ್ತಾಗಿದ್ದಕ್ಕ ಅವನ್ನ ಹೆದರಿಸಿ ಓಡಿಸಿದ್ರಂತ. ಹೆಸರ ಬದಲಿಸಿ ಯಾದಗಿರಿ ಸ್ಟೇಶನ್ನಿನ್ಯಾಗ ಹಮಾಲಿ ಮಾಡತಿದ್ದಾ. ಆ ಬೀಜದ ಗಾಡಿ ಗೌಡನ ಹಿತ್ತಲಕ್ಕ ಹೊಕ್ಕಿದ್ದು ನೋಡಿ ಹಿಂದ ಹತ್ತ್ಯಾನ. ಚೀಲದಾಗಿನ ಬೀಜಾ ಬದಲಿ ಮಾಡಿದ್ದು ನೋಡ್ಯಾನ. ಸತ್ತ ಕಾಳ ನೆಲಕ್ಕ ಬೀಳಬಾರದಂತ ಗಾಡೀನ ಹೊಡಕೊಂಡ ಬಂದು, ಚೀಲಾ ಈ ಹಗೇವಿನ್ಯಾಗ ಬಚ್ಚಿಟ್ಟಾನ."

"ಖರೇ ಬೀಜಾ?"

"ಎಲ್ಲಿ ಅದಾವಂತ ಅಂವಗ ಗೊತ್ತು. ಒಂದ ಬೊಗಸಿ ತಂದು ತೋರಿಸಿದ. ಒಂದಿಷ್ಟ ತೋಯಿಸಿ ಕಟ್ಟಿದ್ರ ಎಲ್ಲಾ ಮೊಳಕಿ ಬಂದ್ವು. ಉಳಿದದ್ದು ಈ ರೊಟ್ಟಿ." ಅವಳು ತಲೆಯೆತ್ತಿ ಮಗನ ಮುಖ ನೋಡಿದಳು. "ನಿನ್ನೆ ಮಧ್ಯಾಹ್ನ ನಿನ್ನ ಠಾಣೆಕ್ಕ ಹೊಂಟಿದ್ದಾ, ಎಲ್ಲಾ ನಿನಗ ಹೇಳ್ತೀನಿ ಅಂತ. ಬಂದಿಲ್ಲೇನು?"

"ಬಂದಿಲ್ಲವ್ವಾ."

ಪರಮಣ್ಣ ನಿಧಾನಕ್ಕೆ ತಿರುಗಿದ. ಉರಿಬಿಸಿಲಲ್ಲಿ, ಮುಳ್ಳಿನ ಒಟ್ಟಿಲಿಗೆ ಬೆನ್ನು ಕೊಟ್ಟು, ಭಗವಂತರಾಯ ಇನ್ನೂ ಕುಳಿತೇ ಇದ್ದ.

"ಮಲಕವ್ವಾ, ನಿನ್ನ ಮರಿ ಬಿದ್ದದ್ದು ಯಾವತ್ತು?"

"ಮೊನ್ನಿ ಸಂಜೀಕ್ರಿ. ಆಗ ಮುಳ್ಳ ಇದ್ದಿಲ್ಲ."

ಪರಮಣ್ಣ ಓಡಿದ. ಭಗವಂತರಾಯನ ಆಳುಗಳು ಅಡ್ಡ ಬಂದರು. ಬಾಷುಮಿಯಾ ಲಾಠಿ ಎತ್ತಿದ್ದೇ ತಡ, ದಿಬ್ಬ ಇಳಿದು ಕಾಲಿಗೆ ಬುದ್ಧಿ ಹೇಳಿದರು. ಭಗವಂತರಾಯನನ್ನು ಪಕ್ಕಕ್ಕೆ ನೂಕಿ, ಪರಮಣ್ಣ ಮುಳ್ಳು ಎಳೆದೆಳೆದು ಕೈ ರಕ್ತ ಮಾಡಿಕೊಂಡ. ಕೆಳಗೆ ತೆರೆದ ಬಾಯಿ ಇರಲಿಲ್ಲ. ಚಪ್ಪಡಿ ಇತ್ತು, ಸುತ್ತ ಮೆತ್ತಿದ ಹಸಿ ಮಣ್ಣಿತ್ತು. ಬೆರಳು ಒತ್ತಿದರೆ ಒಳಗೆ ಇಳಿಯಿತು. ಮೂರು ವರ್ಷದ ಹಿಂದೆ ಹೇಳಿದ ಸುಳ್ಳನ್ನು ಭಗವಂತರಾಯ ನಿನ್ನೆ ನಿಜ ಮಾಡಿದ್ದ.

ಹಾರೆಗೆ ಮೂವರು ಮೈ ಕೊಟ್ಟರು. ಚಪ್ಪಡಿ ಸರಿದು ಬಾಯಿ ತೆರೆಯಿತು. ಕತ್ತಲೆಯಲ್ಲಿ ಏನೂ ಕಾಣಲಿಲ್ಲ.

"ಅಣ್ಣಾ! ಸಂಗಣ್ಣಾ!"

ಆಳದಿಂದ ಒಂದು ಕೆಮ್ಮು ಬಂತು. ಮತ್ತೊಂದು, ಅದಕ್ಕಿಂತ ಸಣ್ಣದು.

ಬಾಷುಮಿಯಾ ಕಂದೀಲು ಇಳಿಬಿಟ್ಟ. ಎರಡಾಳು ಆಳದಲ್ಲಿ ದೀಪ ತೂರಾಡಿತು, ನೀಲಿಯಾಯಿತು, ಆರಿತು.

ಗಾಳಿ ಕದಡಿ ಕಾಯಬೇಕೆಂದರೆ ಅರ್ಧ ದಿನ ಬೇಕು. ಕೆಳಗಿದ್ದವನಿಗೆ ಅರ್ಧ ದಿನ ಇರಲಿಲ್ಲ. ಜೀವಂತ ಬೀಜ ಎಲ್ಲಿದೆ ಎಂದು ಹೇಳಬಲ್ಲವನು ಅವನೊಬ್ಬನೇ, ಭಗವಂತರಾಯನಂತೂ ಹೇಳುವವನಲ್ಲ. ಆದರೆ ಪರಮಣ್ಣನಿಗೆ ಆ ಹೊತ್ತಿಗೆ ಬೀಜ ನೆನಪಿರಲಿಲ್ಲ. ಅವನು ಹಗ್ಗವನ್ನು ನಡುವಿಗೆ ಬಿಗಿಯುತ್ತಿದ್ದ.

"ಬ್ಯಾಡ್ರಿ ಜಮಾದಾರ್ರ, ದೀಪಾ ಆರೈತಿ," ಎಂದು ಬಾಷುಮಿಯಾ ಅವನ ತೋಳು ಹಿಡಿದ.

ದುರಗಮ್ಮ ಮುಂದೆ ಬಂದಳು. ಅವಳೂ ತಡೆಯುತ್ತಾಳೆಂದು ಪರಮಣ್ಣ ಅಂದುಕೊಂಡ. ಅವಳು ರೊಟ್ಟಿಯ ಗಂಟನ್ನು ನೆಲಕ್ಕಿಟ್ಟು, ಹಗ್ಗದ ಇನ್ನೊಂದು ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು.

"ಮೂರ ವರ್ಷ ಒಬ್ಬಗ ಎಡಿ ಇಟ್ಟೇನಿ, ಪರಮಾ," ಅಂದಳು. "ಇಬ್ಬರಿಗಿ ಇಡಂಗ ಮಾಡಬ್ಯಾಡ."

ಪರಮಣ್ಣ ಎದೆ ತುಂಬ ಗಾಳಿ ಎಳೆದುಕೊಂಡು ಕತ್ತಲೆಗೆ ಕಾಲಿಟ್ಟ. ಕೆಳಗೆ ಕೆಮ್ಮು ನಿಂತಿತ್ತು.